ಚಿಕ್ಕಮಗಳೂರಿನಿಂದ ತಂದ ಕಾಫಿಪುಡಿ ಸಪ್ಪೆಯಾಯಿತು, ಜೇನು ಗಟ್ಟಿಯಾಯಿತು: ನಾವು ಮೋಸ ಹೋದೆವಾ?

ಪ್ರಶ್ನೆ: ನಾವು ವಿಜಯಪುರದವರು. ಜನವರಿ ಕೊನೆಯಲ್ಲಿ ಮನೆಯವರೆಲ್ಲ ಕಾರಿನಲ್ಲಿ ಬೇಲೂರು, ಹಳೇಬೀಡು, ಚಿಕ್ಕಮಗಳೂರು, ಹೊರನಾಡು ಪ್ರವಾಸ ಮಾಡಿದೆವು. ಬರುವಾಗ ಎರಡು ಕೆಜಿ ಕಾಫಿಪುಡಿ, ಎರಡು ಬಾಟಲಿ ಜೇನುತುಪ್ಪ, ಏಲಕ್ಕಿ, ಮಿಡಿ ಉಪ್ಪಿನಕಾಯಿ, ಹೋಮ್‌ಮೇಡ್ ಚಾಕೊಲೇಟ್ ತಂದೆವು. ಘಾಟಿಯ ರಸ್ತೆ ಬದಿಯಲ್ಲಿ ಒಂದು ಕೆಜಿ ಕಾಳುಮೆಣಸನ್ನೂ ಕೊಂಡೆವು. ಈಗ ಏಪ್ರಿಲ್. ಸ್ಟೀಲ್ ಡಬ್ಬಿಗೆ ಹಾಕಿಟ್ಟ ಕಾಫಿಪುಡಿಗೆ ವಾಸನೆಯೇ ಇಲ್ಲ, ಗಂಟು ಗಂಟಾಗಿದೆ. ಫ್ರಿಜ್‌ನಲ್ಲಿಟ್ಟ ಜೇನು ಸಕ್ಕರೆಯ ಹಾಗೆ ಗಟ್ಟಿಯಾಗಿದೆ, ಹೊರಗಿಟ್ಟ ಇನ್ನೊಂದು ಬಾಟಲಿ ನೀರಾಗಿಯೇ ಇದೆ. ಮೆಣಸಿನ ಮೇಲೆ ಬಿಳಿ ಬೂಸ್ಟು ಬಂದಿದೆ. ಚಾಕೊಲೇಟ್ ಮೇಲೂ ಬಿಳಿ ಕಲೆಗಳಿವೆ. ಪಕ್ಕದ ಮನೆಯವರು, ಪ್ರವಾಸಿಗರಿಗೆ ಮಾರುವುದೆಲ್ಲ ಕಲಬೆರಕೆ ಅನ್ನುತ್ತಾರೆ. ನಿಜವಾ? ಅಮೆರಿಕದಲ್ಲಿರುವ ಮಗಳು ಮೇ ತಿಂಗಳಲ್ಲಿ ಬರುತ್ತಾಳೆ. ಮತ್ತೆ ಆ ಕಡೆ ಹೋಗುವ ಯೋಚನೆ ಇದೆ. ಅವಳು ವಾಪಸ್ ಹೋಗುವಾಗ ಕೊಟ್ಟು ಕಳಿಸುವುದಕ್ಕೆ ಏನು ತರಬಹುದು, ಹೇಗೆ ತರಬೇಕು?

ಉತ್ತರ: ಮೊದಲು ಮೆಣಸನ್ನು ಎಸೆದುಬಿಡಿ. ತೊಳೆದು ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೂಸ್ಟು ಮೇಲೆ ಕಾಣುವಷ್ಟೇ ಇರುವುದಿಲ್ಲ. ಅದು ಬಿಡುವ ವಿಷದ ಅಂಶಗಳು, ಅಫ್ಲಾಟಾಕ್ಸಿನ್‌ನಂಥವು, ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ದುಡ್ಡು ಕೊಟ್ಟು ತಂದದ್ದನ್ನು ಎಸೆಯುವುದಕ್ಕೆ ಸಂಕಟ ಆಗುತ್ತದೆ, ಗೊತ್ತು. ಆದರೂ ಎಸೆಯಿರಿ.

ಉಳಿದದ್ದರಲ್ಲಿ ನೀವು ಹೆದರುವಂಥದ್ದು ಏನೂ ಇಲ್ಲ. ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಮತ್ತು ಸಾಂಬಾರ ಪದಾರ್ಥಗಳ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ರಜೆಯ ಗದ್ದಲ ಮುಗಿದು ಒಂದೆರಡು ತಿಂಗಳಾದ ಮೇಲೆ ನಿಮ್ಮಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ನಿಜವಾದ ಕಲಬೆರಕೆ ಕಡಿಮೆ. ಜಾಸ್ತಿ ಇರುವುದು ಗಾಳಿ, ತೇವ, ಬಿಸಿ ಸೇರಿ ಮಾಡಿದ ಹಾಳು. ಇದನ್ನು ಅಂಗಡಿಯವರ ಪರವಾಗಿ ಹೇಳುತ್ತಿಲ್ಲ, ಕಲಬೆರಕೆ ಇರುವ ಜಾಗವನ್ನೂ ಮುಂದೆ ಹೇಳುತ್ತೇನೆ. ಆದರೆ ಕಾರಣ ಸರಿಯಾಗಿ ಗೊತ್ತಾಗದಿದ್ದರೆ, ಮುಂದಿನ ಸಲ ಅಂಗಡಿ ಬದಲಾಯಿಸುತ್ತೀರಿ, ಅದೇ ಎರಡು ಕೆಜಿ ಪುಡಿ ತರುತ್ತೀರಿ, ಅದೂ ಹಾಗೇ ಆಗುತ್ತದೆ.

ಕಾಫಿ ವಿಷಯಕ್ಕೆ ಬರೋಣ. ಹಸಿ ಕಾಫಿಬೀಜಕ್ಕೆ ನಮಗೆ ಗೊತ್ತಿರುವ ಆ ಘಮ ಇರುವುದೇ ಇಲ್ಲ. ಹುರಿದಾಗ ಅದರೊಳಗೆ ನೂರಾರು ಪರಿಮಳದ ಅಂಶಗಳು ಹುಟ್ಟುತ್ತವೆ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಅನಿಲವೂ ತುಂಬಿಕೊಳ್ಳುತ್ತದೆ. ಬೀಜ ಇಡಿಯಾಗಿರುವಷ್ಟು ದಿನ ಈ ಅನಿಲ ನಿಧಾನವಾಗಿ ಹೊರಗೆ ಬರುತ್ತಾ ಗಾಳಿ ಒಳಗೆ ಹೋಗದ ಹಾಗೆ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಪುಡಿ ಮಾಡಿದ ಕೂಡಲೇ ಆ ಕಾವಲು ಹೋಯಿತು. ಮಿಲ್ಲಿನ ಮುಂದೆ ನಿಂತಾಗ ಬೀದಿಯೆಲ್ಲ ಘಮ್ ಅನ್ನುತ್ತದಲ್ವಾ, ಅದು ನಿಮ್ಮ ಪೊಟ್ಟಣದಿಂದ ಆಚೆ ಹೋಗುತ್ತಿರುವ ಪರಿಮಳ. ಇಡೀ ಬೀಜ ಚೆನ್ನಾಗಿ ಮುಚ್ಚಿಟ್ಟರೆ ಮೂರು ನಾಲ್ಕು ವಾರ ರುಚಿ ಹಿಡಿದುಕೊಳ್ಳುತ್ತದೆ. ಪುಡಿಯಾದರೆ, ಡಬ್ಬಿ ತೆರೆದ ಮೇಲೆ ಹತ್ತು ಹದಿನೈದು ದಿನ ಚೆನ್ನಾಗಿರುತ್ತದೆ, ಅಷ್ಟೇ. ಆಮೇಲೆ ಕುಡಿದರೆ ಏನೂ ಆಗುವುದಿಲ್ಲ, ಬಣ್ಣ ಇರುತ್ತದೆ, ಕಹಿ ಇರುತ್ತದೆ, ಕಾಫಿ ಇರುವುದಿಲ್ಲ.

ನೀವು ಎರಡು ಕೆಜಿ ಪುಡಿಯನ್ನು ಒಂದೇ ಡಬ್ಬಿಗೆ ಸುರಿದು ದಿನಾ ಬೆಳಿಗ್ಗೆ, ಸಂಜೆ ಮುಚ್ಚಳ ತೆರೆದಿದ್ದೀರಿ. ಪ್ರತಿ ಸಲವೂ ಹೊಸ ಗಾಳಿ ಒಳಗೆ ಹೋಗಿದೆ. ಅದರ ಮೇಲೆ ವಿಜಯಪುರದ ಮಾರ್ಚ್ ಏಪ್ರಿಲ್ ಬಿಸಿಲು. ನಮ್ಮ ಚಿಕ್ಕಮಗಳೂರಿನ ಹವೆಯಲ್ಲಿ ಹದಿನೈದು ದಿನ ಬರುವ ಪುಡಿ, 40 ಡಿಗ್ರಿ ಮುಟ್ಟುವ ಊರಿನಲ್ಲಿ ಅಷ್ಟು ದಿನವೂ ಬರುವುದಿಲ್ಲ.

ಗಂಟು ಕಟ್ಟಿದ್ದಕ್ಕೆ ಕಾರಣ ಬೇರೆ. ನಿಮ್ಮ ಪುಡಿಯಲ್ಲಿ ಚಿಕೋರಿ ಇರಬೇಕು. ಚಿಕೋರಿ ಒಂದು ಗೆಡ್ಡೆ, ಹುರಿದಾಗ ಅದರ ಸಕ್ಕರೆ ಅಂಶ ಕಂದುತ್ತದೆ, ಹಾಗಾಗಿ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಒದ್ದೆ ಚಮಚ ಒಂದು ಸಲ ಹಾಕಿದರೂ ಸಾಕು. ಚಿಕೋರಿ ಇದ್ದ ಮಾತ್ರಕ್ಕೆ ಕಲಬೆರಕೆ ಅಲ್ಲ. ಕಾನೂನಿನಲ್ಲೇ ಅದಕ್ಕೆ ಅವಕಾಶ ಇದೆ. ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಎರಡೂ ಎಷ್ಟೆಷ್ಟು ಅಂತ ಪೊಟ್ಟಣದ ಮೇಲೆ ಬರೆದಿರಬೇಕು. ಫಿಲ್ಟರ್ ಕಾಫಿಗೆ ಬಣ್ಣ, ಗಟ್ಟಿತನ ಬೇಕು ಅನ್ನುವವರು ಇಲ್ಲೂ 80:20, ಅಂದರೆ ಕಾಫಿ 80, ಚಿಕೋರಿ 20, ಕೇಳಿಯೇ ತೆಗೆದುಕೊಳ್ಳುತ್ತಾರೆ. ಮೋಸ ಆಗುವುದು ಎಲ್ಲಿ ಅಂದರೆ, ‘ಪ್ಯೂರ್ ಎಸ್ಟೇಟ್ ಕಾಫಿ’ ಅಂತ ಹೇಳಿ, ಯಾವ ಲೇಬಲ್ಲೂ ಇಲ್ಲದ ಕವರಿನಲ್ಲಿ ಅರ್ಧಕ್ಕರ್ಧ ಚಿಕೋರಿ ತುಂಬಿ ಕೊಡುವಲ್ಲಿ.

ಮನೆಯಲ್ಲೇ ನೋಡಿಕೊಳ್ಳಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ, ಕಲಕಬೇಡಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಬೇಗ ಮುಳುಗುತ್ತದೆ, ಮುಳುಗುವಾಗ ಕಂದು ಬಣ್ಣದ ಗೆರೆ ಬಿಡುತ್ತಾ ಹೋಗುತ್ತದೆ. ಇದರಿಂದ ಚಿಕೋರಿ ಇದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ, ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಲೆಕ್ಕ ಇದೆ, ನನಗೆ ಜಾಸ್ತಿ ನಂಬಿಕೆ ಅದರ ಮೇಲೆ. ಬೀಜ ಹುರಿದಾಗ ತೂಕ ನೂರಕ್ಕೆ 15ರಿಂದ 20ರಷ್ಟು ಇಳಿಯುತ್ತದೆ. ಅಂದರೆ ಒಂದು ಕೆಜಿ ಶುದ್ಧ ಪುಡಿಗೆ 1.2 ಕೆಜಿಯಷ್ಟು ಹಸಿ ಬೀಜ ಬೇಕು. ಬೀಜದ ಆ ದಿನದ ಬೆಲೆಗಿಂತ ‘ಶುದ್ಧ’ ಪುಡಿ ಅಗ್ಗವಾಗಿ ಸಿಗುತ್ತಿದ್ದರೆ ಅದು ಶುದ್ಧ ಆಗಿರುವುದಕ್ಕೆ ಸಾಧ್ಯವೇ ಇಲ್ಲ.

ಮುಂದಿನ ಸಲ ಏನು ಮಾಡಬಹುದು? ಪುಡಿಯೇ ಬೇಕು ಅಂದರೆ 250 ಗ್ರಾಂ, ಹೆಚ್ಚೆಂದರೆ ಅರ್ಧ ಕೆಜಿ ತನ್ನಿ. ಕಣ್ಣ ಮುಂದೆ ಹುರಿದು ಪುಡಿ ಮಾಡಿಕೊಡುವ ಅಂಗಡಿಗಳು ಪೇಟೆಯಲ್ಲಿ ಇವೆ. ಆದರೆ ಬಿಸಿ ಬಿಸಿ ಪುಡಿಯನ್ನು ಆಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲ್ ಮಾಡಿಸಿಕೊಳ್ಳಬೇಡಿ. ಅನಿಲ ಬಂದು ಕವರು ಉಬ್ಬುತ್ತದೆ, ಒಡೆದದ್ದೂ ಉಂಟು. ಸಣ್ಣ ಬಿಲ್ಲೆಯಂಥ ವಾಲ್ವ್ ಇರುವ ದಪ್ಪ ಪೊಟ್ಟಣ ಸಿಕ್ಕರೆ ಒಳ್ಳೆಯದು, ಅದು ಅನಿಲವನ್ನು ಹೊರಗೆ ಬಿಡುತ್ತದೆ, ಗಾಳಿಯನ್ನು ಒಳಗೆ ಬಿಡುವುದಿಲ್ಲ. ಪೊಟ್ಟಣದ ಮೇಲೆ ‘ಬೆಸ್ಟ್ ಬಿಫೋರ್’ ಮಾತ್ರ ನೋಡಬೇಡಿ, ಹುರಿದ ದಿನಾಂಕ ಕೇಳಿ.

ಇಡೀ ಬೀಜ ಹುರಿಸಿಕೊಂಡು ತಂದು ಮನೆಯಲ್ಲಿ ಪುಡಿ ಮಾಡಿಕೊಳ್ಳುವುದು ಇನ್ನೂ ಚೆನ್ನ. ಕೈಯಲ್ಲಿ ತಿರುಗಿಸುವ ಸಣ್ಣ ಮಿಲ್ ಇದ್ದರೆ ಸಾಕು. ಮಿಕ್ಸಿಯಲ್ಲೂ ಆಗುತ್ತದೆ, ಆದರೆ ಒಂದೇ ಸಮ ಬರುವುದಿಲ್ಲ, ಬಿಟ್ಟು ಬಿಟ್ಟು ತಿರುಗಿಸದಿದ್ದರೆ ಬಿಸಿಯಾಗಿ ವಾಸನೆ ಹೋಗುತ್ತದೆ. ಹಸಿ ಬೀಜವನ್ನೇ ತಂದು ಮನೆಯಲ್ಲಿ ಹುರಿಯುವವರೂ ಇದ್ದಾರೆ. ಹಸಿ ಬೀಜ ಒಣ ಜಾಗದಲ್ಲಿ ಒಂದು ವರ್ಷದ ತನಕ ಇರುತ್ತದೆ ಅನ್ನುವುದು ಅದರ ಲಾಭ. ಬಾಣಲೆಯಲ್ಲಿ ಹದವಾಗಿ ಹುರಿಯುವುದು ಸುಲಭ ಅಲ್ಲ, ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ, ಮನೆಯೆಲ್ಲ ಹೊಗೆ. ಅಭ್ಯಾಸ ಇಲ್ಲದಿದ್ದರೆ ನಾನು ಬೇಡ ಅನ್ನುತ್ತೇನೆ. ಪುಡಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ಹೊರಗೆ ತೆಗೆದಾಗಲೆಲ್ಲ ತೇವ ಕೂರುತ್ತದೆ, ಸಾರಿನ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಫ್ರೀಜರ್ ಪರವಾಗಿಲ್ಲ. ವಾರಕ್ಕಾಗುವಷ್ಟು ಸಣ್ಣ ಸಣ್ಣ ಪೊಟ್ಟಣ ಗಾಳಿಯಾಡದಂತೆ ಕಟ್ಟಿ, ಒಂದೊಂದನ್ನೇ ತೆಗೆದು, ಪೂರ್ತಿ ತಣಿವು ಬಿಟ್ಟ ಮೇಲೆ ತೆರೆಯಬೇಕು, ಮತ್ತೆ ಒಳಗಿಡಬಾರದು.

ಅಂಗಡಿಯಲ್ಲಿ ಕೇಳಿಬರುವ ಹೆಸರುಗಳ ಬಗ್ಗೆಯೂ ಎರಡು ಮಾತು. ‘ಪ್ಲಾಂಟೇಶನ್ ಎ’ ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ಅರೇಬಿಕಾ ಅನ್ನುವ ಕಾಫಿ ಜಾತಿಯ ದಪ್ಪ ಬೀಜ. ‘ಚೆರ್ರಿ’ ಅಂದರೆ ಹಣ್ಣನ್ನು ಹಾಗೇ ಒಣಗಿಸಿದ್ದು. ‘ಪೀಬೆರಿ’ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಉರುಟು ಬೀಜ ಇರುವುದು. ಅದಕ್ಕೆ ಬೆಲೆ ಜಾಸ್ತಿ. ಆದರೆ ಹಾಲು, ಸಕ್ಕರೆ, ಚಿಕೋರಿ ಹಾಕಿ ಕುಡಿಯುವುದಾದರೆ ಆ ವ್ಯತ್ಯಾಸ ನಿಮಗೆ ಸಿಗುವುದಿಲ್ಲ, ಸುಮ್ನೆ ದುಡ್ಡು ಕೊಡಬೇಡಿ. ಗಟ್ಟಿ ಹಾಲಿನ ಕಾಫಿ ಇಷ್ಟ ಆದರೆ ಅರೇಬಿಕಾಕ್ಕೆ ರೋಬಸ್ಟಾ ಅನ್ನುವ ಇನ್ನೊಂದು ಜಾತಿಯ ಕಾಫಿ ಸ್ವಲ್ಪ ಸೇರಿಸಿ ಕೇಳಿ, ನೊರೆ ಚೆನ್ನಾಗಿ ಬರುತ್ತದೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಊರಿನ ನೆನಪಿಗೆ ಅಂತಲೇ ತೆಗೆದುಕೊಳ್ಳುವುದಾದರೆ ಆ ಗುರುತು ಇರುವ ಇಡೀ ಬೀಜದ ಪೊಟ್ಟಣ ನನ್ನ ಆಯ್ಕೆ.

ಜೇನಿಗೆ ಬಂದರೆ, ನಿಮ್ಮ ಎರಡು ಬಾಟಲಿಯಲ್ಲಿ ಒಂದು ಅಸಲಿ, ಒಂದು ನಕಲಿ ಅನ್ನುವುದಕ್ಕೆ ಆಧಾರ ಇಲ್ಲ. ಒಂದನ್ನು ಫ್ರಿಜ್‌ನಲ್ಲಿಟ್ಟಿರಿ, ಇನ್ನೊಂದನ್ನು ಹೊರಗಿಟ್ಟಿರಿ, ವ್ಯತ್ಯಾಸಕ್ಕೆ ಅದೇ ಸಾಕು. ಜೇನಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡು ಸಕ್ಕರೆ ಮುಖ್ಯ. ಗ್ಲೂಕೋಸ್ ನೀರಿನಲ್ಲಿ ಅಷ್ಟು ಕರಗಿ ನಿಲ್ಲುವುದಿಲ್ಲ, ತಂಪಾದರೆ ಹರಳಾಗುತ್ತದೆ. ಯಾವ ಹೂವಿನ ಜೇನು ಅನ್ನುವುದರ ಮೇಲೆ ಬೇಗ ಆಗಬಹುದು, ತಡವಾಗಬಹುದು. ಹರಳುಗಟ್ಟಿದ್ದು ಕೆಟ್ಟಿಲ್ಲ. ಬಾಟಲಿಯನ್ನು ಉಗುರು ಬೆಚ್ಚಗಿಗಿಂತ ಸ್ವಲ್ಪ ಬಿಸಿಯಾದ ನೀರಿನಲ್ಲಿ, 40-45 ಡಿಗ್ರಿ ಸಾಕು, ಇಟ್ಟರೆ ನಿಧಾನಕ್ಕೆ ಕರಗುತ್ತದೆ. ಒಲೆಯ ಮೇಲೆ ಇಡಬೇಡಿ, ಇನ್ನು ಮುಂದೆ ಫ್ರಿಜ್‌ನಲ್ಲೂ ಬೇಡ.

ನೀರಿಗೆ ಹಾಕಿದರೆ ತಳಕ್ಕೆ ಹೋಗಬೇಕು, ಬತ್ತಿಗೆ ಹಚ್ಚಿದರೆ ಉರಿಯಬೇಕು, ಇರುವೆ ಮುತ್ತಬಾರದು, ಈ ಪರೀಕ್ಷೆಗಳನ್ನೆಲ್ಲ ದಯವಿಟ್ಟು ನಂಬಬೇಡಿ. ಗಟ್ಟಿಯಾದ ಸಕ್ಕರೆ ಪಾಕವೂ ತಳಕ್ಕೆ ಹೋಗುತ್ತದೆ. ತೇವ ಜಾಸ್ತಿ ಇರುವ ಅಪ್ಪಟ ಕಾಡುಜೇನು ಈ ಪರೀಕ್ಷೆಯಲ್ಲಿ ಸೋಲಬಹುದು. ಅಕ್ಕಿ ಸಿರಪ್‌ನಂಥ ಕಲಬೆರಕೆಯನ್ನು ಪ್ರಯೋಗಾಲಯ ಬಿಟ್ಟು ಮನೆಯಲ್ಲಿ ಹಿಡಿಯುವುದಕ್ಕೆ ಆಗುವುದಿಲ್ಲ. ಹಾಗಾಗಿ ಕೊಳ್ಳುವ ಜಾಗವೇ ಮುಖ್ಯ. ಹೆಜ್ಜೇನು ಅಂತ ಗುಡ್ಡದ ತಿರುವಿನಲ್ಲಿ ಹಳೆಯ ಬಾಟಲಿಯಲ್ಲಿ ಮಾರುವುದರಲ್ಲಿ ಒಳ್ಳೆಯದು ಇರಬಹುದು, ಆದರೆ ಅದಕ್ಕೆ ಯಾರೂ ಹೊಣೆ ಇಲ್ಲ. ಒಳ್ಳೆಯ ಜೇನೂ ಕೈಯಲ್ಲಿ ಹಿಂಡಿ ತೆಗೆದದ್ದಾದರೆ ಅದರಲ್ಲಿ ಮೇಣ, ಪರಾಗ, ಮರಿಹುಳದ ರಸ ಸೇರಿ, ನೀರಿನಂಶ ನೂರಕ್ಕೆ 20 ದಾಟಿ, ಕೆಲವೇ ತಿಂಗಳಲ್ಲಿ ಹುಳಿ ಬಂದು ನೊರೆ ಏಳುತ್ತದೆ. ನಿಮ್ಮ ಹೊರಗಿನ ಬಾಟಲಿಯ ಮುಚ್ಚಳ ತೆಗೆದು ನೋಡಿ. ಹುಳಿ ವಾಸನೆ, ಗುಳ್ಳೆ ಇದ್ದರೆ ಮಾತ್ರ ಬಿಡಿ. ಮುಂದಿನ ಸಲ ಜೇನು ಸಾಕುವವರ ಸಹಕಾರ ಸಂಘದ್ದು ಅಥವಾ ತುಡುವೆ ಜೇನುನೊಣದ ಪೆಟ್ಟಿಗೆ ಇಟ್ಟಿರುವ ತೋಟದವರದ್ದು ತೆಗೆದುಕೊಳ್ಳಿ. ಕಾಫಿ ಹೂವು ಅರಳುವುದು ಬೇಸಿಗೆಯ ಮೊದಲ ಮಳೆಗೆ, ಮಾರ್ಚ್ ಏಪ್ರಿಲ್ ಹೊತ್ತಿಗೆ. ಆದ್ದರಿಂದ ಮೇ ತಿಂಗಳಲ್ಲಿ ಬಂದರೆ ಹೊಸ ಜೇನು ಸಿಗುವ ಸಾಧ್ಯತೆ ಜಾಸ್ತಿ. ಒಂದು ಎಚ್ಚರಿಕೆ, ಮನೆಯಲ್ಲಿ ವರ್ಷ ತುಂಬದ ಮಗು ಇದ್ದರೆ ಎಷ್ಟೇ ಶುದ್ಧ ಜೇನಾದರೂ ನೆಕ್ಕಿಸಬೇಡಿ. ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು.

ಮೆಣಸಿನ ವಿಷಯದಲ್ಲಿ ಮಾತ್ರ ತಪ್ಪು ಮಾರಿದವರದ್ದು. ಇಲ್ಲಿ ಮೆಣಸಿನ ಕೊಯ್ಲು ಡಿಸೆಂಬರ್‌ನಿಂದ ಮಾರ್ಚ್ ತನಕ. ನೀವು ಬಂದದ್ದು ಅದರ ನಡುವೆ. ನೂರು ಕೆಜಿ ಹಸಿ ಮೆಣಸು ಒಣಗಿದರೆ ಸುಮಾರು 33 ಕೆಜಿ ಆಗುತ್ತದೆ. ಅರೆಬರೆ ಒಣಗಿಸಿ ಮಾರಿದರೆ ತೂಕ ಹೆಚ್ಚು ಬರುತ್ತದೆ, ಅದಕ್ಕೇ ಕೆಲವರು ಅವಸರ ಮಾಡುತ್ತಾರೆ. ನೀರಿನಂಶ ನೂರಕ್ಕೆ 11-12ರ ಒಳಗೆ ಬರದೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಸ್ಟು ಗ್ಯಾರಂಟಿ. ಕೊಳ್ಳುವಾಗ ಒಂದು ಕಾಳು ಹಲ್ಲಿಗಿಟ್ಟು ಕಚ್ಚಿ. ಟಕ್ ಅಂತ ಒಡೆಯಬೇಕು, ಮೆತ್ತಗೆ ಅಮುಕಿದರೆ ಬಿಟ್ಟುಬಿಡಿ. ಮುಷ್ಟಿಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ತುಂಬಾ ಮಿರಿಮಿರಿ ಹೊಳೆಯುವುದು ಬೇಡ, ಎಣ್ಣೆ ಸವರಿರಬಹುದು. ಪಪ್ಪಾಯಿ ಬೀಜ ಬೆರೆಸುವುದೂ ಉಂಟು. ನೀರಿಗೆ ಹಾಕಿದರೆ ಒಳ್ಳೆಯ ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜಳ್ಳು ಮೆಣಸೂ ತೇಲುತ್ತದೆ, ಹಾಗಾಗಿ ತೇಲಿದ್ದನ್ನು ಒಡೆದು ಮೂಗಿಗೆ ಹಿಡಿದು ನೋಡಿ. ಚೆನ್ನಾಗಿ ಒಣಗಿದ ಇಡೀ ಮೆಣಸಿನಂಥ ಉಡುಗೊರೆ ಈ ಕಡೆ ಇನ್ನೊಂದಿಲ್ಲ ಅನ್ನುತ್ತೇನೆ ನಾನು. ವರ್ಷಗಟ್ಟಲೆ ಇರುತ್ತದೆ, ಸೋರುವುದಿಲ್ಲ, ಒಡೆಯುವುದಿಲ್ಲ, ಯಾರ ಮನೆಗೆ ಕೊಟ್ಟರೂ ಬಳಕೆಯಾಗುತ್ತದೆ.

ಏಲಕ್ಕಿ ಹಸಿರು ಮಾಸಿದೆಯಾ ಅಂತ ನೀವು ಕೇಳಿಲ್ಲ, ಆದರೆ ಬೆಳಕಿನಲ್ಲಿಟ್ಟರೆ ಮಾಸುತ್ತದೆ. ಕತ್ತಲೆ ಡಬ್ಬಿಯಲ್ಲಿ, ಸಿಪ್ಪೆ ಸಮೇತ ಇಡಿ. ತೆಗೆದುಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ, ಒದ್ದೆ ಹತ್ತಿಯಿಂದ ಉಜ್ಜಿದರೆ ಹಸಿರು ಅಂಟಬಾರದು. ಒಂದು ಕಾಯಿ ಬಿಡಿಸಿದರೆ ಬೀಜ ಕಪ್ಪಗೆ, ಸ್ವಲ್ಪ ಜಿಗುಟಾಗಿ ಇರಬೇಕು. ಎಣ್ಣೆ ತೆಗೆದ ಏಲಕ್ಕಿಯನ್ನು ಅಗಿದರೆ ಒಣಹುಲ್ಲು ಅಗಿದ ಹಾಗಿರುತ್ತದೆ.

ಚಾಕೊಲೇಟ್ ಮೇಲಿನ ಬಿಳಿ ಕಲೆ ಬೂಸ್ಟಲ್ಲ. ಕಾರಿನ ಬಿಸಿಗೆ ಕರಗಿ ಮತ್ತೆ ಗಟ್ಟಿಯಾದಾಗ ಅದರ ಕೊಬ್ಬು ಮೇಲೆ ಬಂದು ಹಾಗೆ ಕೂರುತ್ತದೆ. ವಾಸನೆ ಸರಿ ಇದ್ದರೆ ತಿನ್ನಬಹುದು. ಮಕ್ಕಳ ಆಸೆಗೆ ಸ್ವಲ್ಪ ತನ್ನಿ, ಅದಕ್ಕೂ ನಮ್ಮ ಊರಿಗೂ ಅಂಥ ಸಂಬಂಧ ಏನಿಲ್ಲ.

ಮಿಡಿ ಉಪ್ಪಿನಕಾಯಿ ಚೆನ್ನಾಗಿದೆಯಾ ಕೆಟ್ಟಿದೆಯಾ ನೀವು ಬರೆದಿಲ್ಲ, ಚೆನ್ನಾಗಿಯೇ ಇರಬೇಕು. ಅದರ ಬಲ ಇರುವುದು ಉಪ್ಪಿನಲ್ಲಿ. ಆರೋಗ್ಯಕ್ಕೆ ಅಂತ ಉಪ್ಪು ಕಡಿಮೆ ಮಾಡಿದ್ದನ್ನು ದೂರದ ಊರಿಗೆ ತರಬೇಡಿ, ಮಿಡಿ ಮೆತ್ತಗಾಗಿ ಗುಳ್ಳೆ ಏಳುತ್ತದೆ. ಮಿಡಿ ರಸದಲ್ಲಿ ಮುಳುಗಿರಬೇಕು, ಚಮಚ ಒಣಗಿರಬೇಕು, ಮುಚ್ಚಳ ತಗಡಿನದ್ದಾದರೆ ಬದಲಾಯಿಸಿ, ಉಪ್ಪು ಹುಳಿಗೆ ಅದು ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಬಂದವರು ಹಸಿ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಕೊಂಡು ಹೋಗುತ್ತಾರೆ. ಗೊತ್ತಿಲ್ಲದವರು ತರುವುದು ಬೇಡ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಹೆಚ್ಚಿ, ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿ ನೀರು ಚೆಲ್ಲಿಯೇ ಅಡುಗೆ ಮಾಡಬೇಕು.

ತಿನ್ನುವುದರ ಆಚೆಗೆ ನೆನಪಿಗೆ ಏನಾದರೂ ಬೇಕು ಅಂದರೆ ಬೇಲೂರು, ಹಳೇಬೀಡಿನಲ್ಲಿ ಬಳಪದ ಕಲ್ಲಿನ ಸಣ್ಣ ಮೂರ್ತಿಗಳಿವೆ. ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆತ್ತನೆಯ ಕಲ್ಲು, ಬಟ್ಟೆ ಸುತ್ತಿ ತನ್ನಿ. ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ದೇವಸ್ಥಾನದ ಆವರಣದಲ್ಲಿ ಬಿದ್ದಿರುವ ಕಲ್ಲಿನ ಚೂರನ್ನು ನೆನಪಿಗೆ ಅಂತ ಎತ್ತಿಕೊಂಡು ಬರಬೇಡಿ, ಯಾರಾದರೂ ‘ಹಳೇ ವಿಗ್ರಹ’ ಅಂತ ಮಾರಿದರೂ ಮುಟ್ಟಬೇಡಿ. ಅದು ಅಪರಾಧ. 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗಗಳು ಅವು. ನೂರು ವರ್ಷ ಮೀರಿದ ಶಿಲ್ಪವನ್ನು ದೇಶದ ಹೊರಗೆ ಒಯ್ಯುವಂತೆಯೂ ಇಲ್ಲ. ಮಗಳ ಬ್ಯಾಗಿನಲ್ಲಿ ಹೊಸ ಕಲ್ಲಿನ ಮೂರ್ತಿ ಇದ್ದರೆ ಅಂಗಡಿಯ ರಸೀದಿ ಜೊತೆಗಿರಲಿ.

ಈಗ ಅಮೆರಿಕದ ವಿಷಯ. ಹುರಿದ ಕಾಫಿ, ಒಣಗಿದ ಇಡೀ ಮೆಣಸು, ಏಲಕ್ಕಿ, ಇವಕ್ಕೆ ತೊಂದರೆ ಇಲ್ಲ. ಕಂಪನಿ ಪ್ಯಾಕ್, ಲೇಬಲ್ ಇರಲಿ, ಅಲ್ಲಿ ಇಳಿದಾಗ ಕಸ್ಟಮ್ಸ್‌ನವರಿಗೆ ಆಹಾರ ತಂದಿದ್ದೇನೆ ಅಂತ ತಿಳಿಸಲಿ. ತಿಳಿಸಿದರೆ ಹೆಚ್ಚೆಂದರೆ ವಸ್ತು ತೆಗೆದಿಡುತ್ತಾರೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಕಾಫಿಪುಡಿ ಕೈಚೀಲದಲ್ಲಿ ಬೇಡ, 350 ಮಿಲಿಗಿಂತ ಜಾಸ್ತಿ ಪುಡಿ ಇದ್ದರೆ ತಪಾಸಣೆ ಮಾಡುತ್ತಾರೆ, ದೊಡ್ಡ ಬ್ಯಾಗಿಗೆ ಹಾಕಿ. ಜೇನು, ಉಪ್ಪಿನಕಾಯಿಯೂ ಅಲ್ಲೇ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ. ಹಸಿ ಕರಿಬೇವು, ಕಿತ್ತಳೆ, ಮೆಣಸಿನ ಬಳ್ಳಿಯ ತುಂಡು, ಗಿಡ, ಯಾವುದೂ ಬೇಡ. ದಾರಿಯಲ್ಲಿ ಅರಸೀಕೆರೆ ಕಡೆ ಕೊಬ್ಬರಿ ಚೆನ್ನಾಗಿ ಸಿಗುತ್ತದೆ, ಅದನ್ನು ನಿಮ್ಮ ಮನೆಗೆ ಮಾತ್ರ ತೆಗೆದುಕೊಳ್ಳಿ. ಎಣ್ಣೆ ಅಂಶದಿಂದ ಬೆಂಕಿ ಹತ್ತುವ ಅಪಾಯ ಇದೆ ಅಂತ ವಿಮಾನದ ಚೆಕ್‌ಇನ್ ಬ್ಯಾಗಿನಲ್ಲಿ ಒಣಕೊಬ್ಬರಿ ಬಿಡುವುದಿಲ್ಲ.

ಕಾಫಿಯನ್ನು ಮಾತ್ರ ಪ್ರವಾಸದ ಕೊನೆಯ ದಿನ ಹುರಿಸಿಕೊಳ್ಳಿ. ಮಗಳ ವಿಮಾನಕ್ಕೆ ಎರಡು ಮೂರು ವಾರ ಇದ್ದರೆ ಆಗ ತಂದ ಬೀಜ ನೀವು ಕುಡಿಯಿರಿ, ಅವಳಿಗೆ ಹೊರಡುವ ವಾರ ಇಲ್ಲಿಂದ ಹೊಸದಾಗಿ ಹುರಿದ ಬೀಜವನ್ನು ಕೊರಿಯರ್‌ನಲ್ಲಿ ತರಿಸಿಕೊಡಿ.